ಪದಚರ್ಚೆ: ‘ಬ್ರೈಟ್ ಇನ್‌ಡೈರೆಕ್ಟ್ ಲೈಟ್’ ಮತ್ತು ಬಾಲ್ಕನಿ ಕುಂಡಗಳ ಇತರ ಮಾತುಗಳು

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನವರಿಗಾಗಿ ಒಂದು ಚಿಕ್ಕ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಸಣ್ಣ ಬಾಲ್ಕನಿಯ ಕುಂಡಗಳಿಗೆ ಅಂದದ ಗಿಡಗಳನ್ನು ಹೇಗೆ ಆರಿಸಬೇಕು ಅನ್ನುವುದು ವಿಷಯ. ಗಿಡಗಳ ವಿಚಾರ ಬರೆದಾಯಿತು. ಮಾತುಗಳ ಹತ್ತಿರ ಬಂದು ನಿಂತಿದ್ದೇನೆ. ನರ್ಸರಿಯಲ್ಲಿ ಗಿಡಕ್ಕೆ ಕಟ್ಟಿರುವ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಕನ್ನಡಕ್ಕೆ ತಂದವರು ಒಂದೊಂದು ಪದಕ್ಕೆ ಒಂದೊಂದು ಪದ ಇಟ್ಟುಬಿಡುತ್ತಾರೆ. ಓದಿದವರಿಗೆ ಕುಂಡವನ್ನು ಎಲ್ಲಿಡಬೇಕು ಅಂತಲೇ ಗೊತ್ತಾಗುವುದಿಲ್ಲ.

ದೊಡ್ಡ ತೊಡಕು ‘ಬ್ರೈಟ್ ಇನ್‌ಡೈರೆಕ್ಟ್ ಲೈಟ್’ನದು. ಮನಿಪ್ಲಾಂಟ್, ಪೀಸ್ ಲಿಲ್ಲಿ, ಸ್ಪೈಡರ್ ಪ್ಲಾಂಟ್, ಜರೀಗಿಡ, ಹೀಗೆ ಬಾಲ್ಕನಿಯವರು ಕೇಳಿ ಕೊಳ್ಳುವ ಎಷ್ಟೋ ಗಿಡಗಳಿಗೆ ಇದೇ ಸೂಚನೆ. ‘ಪ್ರಕಾಶಮಾನವಾದ ಪರೋಕ್ಷ ಬೆಳಕು’ ಅಂತ ಕನ್ನಡ ಮಾಡಿದ್ದನ್ನು ನೋಡಿದ್ದೇನೆ. ಇಷ್ಟು ಕಷ್ಟಪಡಬೇಕಾಗಿಯೇ ಇಲ್ಲ ಅನ್ನುವುದು ನನ್ನ ವಾದ. ನಮ್ಮಲ್ಲಿ ಬೆಳಕು ಬೇರೆ, ಬಿಸಿಲು ಬೇರೆ. ‘ಈ ರೂಮಿಗೆ ಒಳ್ಳೆ ಬೆಳಕಿದೆ, ಬಿಸಿಲು ಬರಲ್ಲ’ ಅಂತ ಮನೆ ತೋರಿಸುವ ಬ್ರೋಕರ್ ಕೂಡ ಹೇಳುತ್ತಾನೆ. ಪೀಸ್ ಲಿಲ್ಲಿಗೆ ಬೇಕಾದದ್ದು ಅದೇ ಜಾಗ ತಾನೇ? ಹಾಗಾಗಿ ಕೈಪಿಡಿಯಲ್ಲಿ ‘ಬಿಸಿಲಿಲ್ಲದ ಬೆಳಕು’ ಅಂತ ಬರೆದಿದ್ದೇನೆ. ನೇರ, ಪರೋಕ್ಷ ಎಂಬ ಜೋಡಿಯೇ ಬೇಡವಾಯಿತು.

ಬಿಸಿಲಿಗೆ ಬಂದರೆ ನಮ್ಮ ಹತ್ತಿರ ಮಾತು ಜಾಸ್ತಿಯೇ ಇದೆ. ಎಳೆಬಿಸಿಲು, ಹೊಂಬಿಸಿಲು, ಬಿರುಬಿಸಿಲು, ಸುಡುಬಿಸಿಲು, ಸಂಜೆಬಿಸಿಲು. ಇವು ಬರೀ ವರ್ಣನೆಯ ಮಾತುಗಳಲ್ಲ, ಗಿಡ ಆರಿಸಲು ಕೆಲಸಕ್ಕೆ ಬರುತ್ತವೆ. ಪೂರ್ವದ ಬಾಲ್ಕನಿಗೆ ಬರುವುದು ಎಳೆಬಿಸಿಲು. ಕೋಲಿಯಸ್, ಬಿಗೋನಿಯಾ, ಕರ್ಣಕುಂಡಲ, ದೊಡ್ಡಪತ್ರೆ ಅಲ್ಲಿ ಚೆನ್ನಾಗಿ ಬರುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕಳೆದ ಮೇಲೂ ಬಿರುಬಿಸಿಲು. ಅಲ್ಲಿ ಅದೇ ಬಿಗೋನಿಯಾದ ಎಲೆಯ ಅಂಚು ಕಮರಿ ಹೋಗುತ್ತದೆ. ಕಾಗದದ ಹೂ, ನಿತ್ಯಪುಷ್ಪ, ದಾಸವಾಳ, ಹತ್ತು ಗಂಟೆ ಹೂ ಆದರೆ ಆ ಬಿಸಿಲನ್ನು ಬೇಡಿ ಹೂ ಬಿಡುತ್ತವೆ. (‘ಕಮರು’ ಎಂಬ ಪದವನ್ನೂ ದಯವಿಟ್ಟು ಉಳಿಸಿಕೊಳ್ಳೋಣ. ನೀರಿಲ್ಲದೆ ಬಾಡುವುದು ಒಂದು, ಬಿಸಿಲಿಗೆ ಕಮರುವುದು ಇನ್ನೊಂದು. ‘ಎಲೆ ಸುಟ್ಟಿದೆ’ ಅಂದರೆ ಜನ ಗೊಬ್ಬರ ಜಾಸ್ತಿಯಾಯಿತೇನೋ ಅಂದುಕೊಳ್ಳುತ್ತಾರೆ.)

ಇಲ್ಲಿ ದಿಕ್ಕಿನ ವಿಚಾರವನ್ನೂ ಹೇಳಬೇಕು. ಚಳಿದೇಶದವರು ಬರೆದ ತೋಟದ ಪುಸ್ತಕಗಳಲ್ಲಿ ದಕ್ಷಿಣ ಅಂದರೆ ಬಿಸಿಲು, ಉತ್ತರ ಅಂದರೆ ನೆರಳು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ, ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆದ್ದರಿಂದ ಮೇ, ಜೂನ್‌ನಲ್ಲಿ ಉತ್ತರದ ಬಾಲ್ಕನಿಗೂ ಬಿಸಿಲು ಓರೆಯಾಗಿ ಬೀಳುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಬಾಲ್ಕನಿಯ ಒಳಗಿನವರೆಗೂ ಬರುತ್ತದೆ. ಇದಕ್ಕೆ ನಾನು ‘ಓರೆಬಿಸಿಲು’ ಅಂತ ಬಳಸಿದ್ದೇನೆ. ನಿಮ್ಮ ಕಡೆ ಬೇರೆ ಪದ ಇದೆಯಾ?

‘ಲೋ ಲೈಟ್’ ಇನ್ನೊಂದು. ಹಾವಿನ ಗಿಡ ಅಂತ ಕರೆಯುವ ಸ್ನೇಕ್ ಪ್ಲಾಂಟ್, ಝಡ್‌ಝಡ್ ಗಿಡ, ಎರಡಕ್ಕೂ ಚೀಟಿಯಲ್ಲಿ ಹೀಗೇ ಇರುತ್ತದೆ. ‘ಕಡಿಮೆ ಬೆಳಕು ಬೇಕು’ ಅಂತ ಅನುವಾದ ಮಾಡಿದರೆ ಅರ್ಥ ತಿರುಗಿಬಿಡುತ್ತದೆ. ಅವಕ್ಕೆ ಮಬ್ಬು ಇಷ್ಟವೇನಲ್ಲ, ಮಬ್ಬನ್ನು ತಾಳಿಕೊಳ್ಳುತ್ತವೆ ಅಷ್ಟೆ. ಒಳ್ಳೆ ಬೆಳಕಿಗೆ ತಂದಿಟ್ಟರೆ ಬೇಗ ಚಿಗುರುತ್ತವೆ. ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಸಾಕು ಅನ್ನಿಸುತ್ತದೆ: ಬೇಡುವುದು, ಒಗ್ಗುವುದು, ತಾಳುವುದು. ಕಾಗದದ ಹೂ ಬಿಸಿಲು ಬೇಡುತ್ತದೆ. ಕ್ರೋಟನ್ ಎಳೆಬಿಸಿಲಿಗೂ ಒಗ್ಗುತ್ತದೆ, ಆದರೆ ಬೆಳಕು ಕಡಿಮೆಯಾದರೆ ಎಲೆಯ ಬಣ್ಣ ಮಂಕಾಗುತ್ತದೆ. ಸ್ನೇಕ್ ಪ್ಲಾಂಟ್ ಮಬ್ಬನ್ನು ತಾಳುತ್ತದೆ.

ಮುಂದಿನದು ‘ಡ್ರೈನೇಜ್ ಹೋಲ್’. ‘ಒಳಚರಂಡಿ ರಂಧ್ರ’ ಅಂತ ಬರೆದ ಚೀಟಿ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಅನ್ನ ಬಸಿಯುತ್ತೇವೆ, ಗಂಜಿ ಬಸಿಯುತ್ತೇವೆ. ಹೊಲದಲ್ಲಿ ನಿಂತ ನೀರು ಹೊರಹೋಗಲು ರೈತರು ಬಸಿಗಾಲುವೆ ತೋಡುತ್ತಾರೆ. ಹಾಗಿದ್ದ ಮೇಲೆ ಕುಂಡದ ತಳದಲ್ಲಿರುವುದು ‘ಬಸಿತೂತು’. ‘ವೆಲ್ ಡ್ರೇನ್ಡ್ ಸಾಯಿಲ್’ ಅನ್ನುವುದು ‘ನೀರು ಬಸಿದು ಹೋಗುವ ಮಣ್ಣು’. ಕೆಮ್ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದರೆ ಅಂಥ ಮಣ್ಣು ಸಿಗುತ್ತದೆ, ಬರೀ ಮಣ್ಣಿಗಿಂತ ಹಗುರವಾಗಿಯೂ ಇರುತ್ತದೆ. ಆ ನಾರಿನ ಪುಡಿಗೆ ‘ಕೋಕೋಪೀಟ್’ ಅನ್ನುವ ಹೆಸರು ಹೇಗೂ ಎಲ್ಲರ ಬಾಯಲ್ಲಿದೆ. ಅದನ್ನು ಬದಲಿಸುವ ಆಸೆ ನನಗಿಲ್ಲ. ಬಾಲ್ಕನಿಯೂ ಹಾಗೇ. ಬಿಸಿಲುಮಚ್ಚು ಅಂತ ಬರೆದರೆ ತಾರಸಿಯ ಕಡೆಗೆ ಮನಸ್ಸು ಹೋಗುತ್ತದೆ.

ಇನ್ನು ‘ಕಂಟೇನರ್’. ಕುಂಡ ಅಂದರೆ ಮಣ್ಣಿನದೋ ಸಿಮೆಂಟಿನದೋ ಕಣ್ಣಮುಂದೆ ಬರುತ್ತದೆ. ಆದರೆ ಜನ ಗ್ರೋ ಬ್ಯಾಗ್, ಪೇಂಟ್ ಡಬ್ಬ, ಅರ್ಧ ಕೊಯ್ದ ಡ್ರಮ್ಮು, ಹಣ್ಣಿನ ಕ್ರೇಟು, ಎಲ್ಲದರಲ್ಲೂ ನೆಡುತ್ತಾರೆ. ನಮ್ಮ ಬೀದಿಯ ತಮಿಳು ಮಾತಾಡುವ ಮಾಲಿ ಎಲ್ಲಕ್ಕೂ ‘ತೊಟ್ಟಿ’ ಅನ್ನುತ್ತಾರೆ. ಕನ್ನಡದಲ್ಲಿ ತೊಟ್ಟಿ ಅಂದರೆ ನೀರಿನದು. ಮಂಗಳೂರು ಕಡೆಯವರು ‘ಹೂವಿನ ಚಟ್ಟಿ’ ಅಂದದ್ದನ್ನು ಕೇಳಿದ್ದೇನೆ. ‘ಪಾತ್ರೆ ತೋಟ’ ಅಂದರೆ ಅಡುಗೆಮನೆ ನೆನಪಾಗುತ್ತದೆ. ನಾನು ‘ಕುಂಡತೋಟ’ಕ್ಕೇ ನಿಂತಿದ್ದೇನೆ, ಅದರ ಅರ್ಥ ತಾನೇ ಹಿಗ್ಗಲಿ. ಅಂದಹಾಗೆ, ಕರಗ ಅನ್ನುವುದೂ ಮಡಕೆಯ ಹೆಸರೇ ಅಲ್ವಾ. ಬೆಂಗಳೂರು ಕರಗವನ್ನು ನಡೆಸಿಕೊಂಡು ಬಂದಿರುವ ತಿಗಳರು ಹೂವು, ತರಕಾರಿ ಬೆಳೆಯುವುದರಲ್ಲಿ ಹೆಸರಾದವರು. ಆ ಮನೆಗಳಲ್ಲಿ ಕುಂಡದಲ್ಲಿ ಬೆಳೆದ ಗಿಡಕ್ಕೆ, ನೆಲದಲ್ಲಿ ಬೆಳೆದ ಗಿಡಕ್ಕೆ ಬೇರೆ ಬೇರೆ ಮಾತಿದ್ದರೆ ತಿಳಿದುಕೊಳ್ಳುವ ಆಸೆ ನನಗೆ ಬಹಳ ಇದೆ.

ಕೊನೆಯದು, ನನಗೆ ಇನ್ನೂ ಬಗೆಹರಿಯದ್ದು. ಒಂದೇ ಕುಂಡದಲ್ಲಿ ಮೂರು ಬಗೆಯ ಗಿಡ ಸೇರಿಸುವ ಪದ್ಧತಿಗೆ ಇಂಗ್ಲಿಷಿನಲ್ಲಿ ‘ಥ್ರಿಲ್ಲರ್, ಫಿಲ್ಲರ್, ಸ್ಪಿಲ್ಲರ್’ ಅನ್ನುತ್ತಾರೆ. ನಡುವೆ ಎತ್ತರಕ್ಕೆ ಎದ್ದು ಕಾಣುವುದು, ಸುತ್ತ ಜಾಗ ತುಂಬುವುದು, ಅಂಚಿನಿಂದ ಕೆಳಗೆ ಇಳಿಯುವುದು. ಉದಾಹರಣೆಗೆ ನಡುವೆ ಕ್ರೋಟನ್, ಸುತ್ತ ಕೋಲಿಯಸ್, ಅಂಚಿನಲ್ಲಿ ನೇರಳೆ ಪಟ್ಟೆಯ ಟ್ರಾಡೆಸ್ಕ್ಯಾಂಷಿಯಾ. ಮೂರಕ್ಕೂ ಬೆಳಕು, ನೀರು ಹೆಚ್ಚುಕಡಿಮೆ ಒಂದೇ ಇರಬೇಕು. ಕ್ರೋಟನ್ ಜಾಗದಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ಕೋಲಿಯಸ್ ಬಾಡದಂತೆ ಹಾಕುವ ನೀರಿಗೆ ಅದರ ಬೇರು ಕೊಳೆಯುತ್ತದೆ.

ನಿಲುಗನ್ನಡಿ, ಇಳಿಜಾರು, ತೂಗುಮಂಚ ಇರುವ ಹಾಗೆ ನಿಲುಗಿಡ, ತುಂಬುಗಿಡ, ಇಳಿಗಿಡ ಅನ್ನಬಹುದಾ? ನಿಲುಗಿಡ ಮತ್ತು ಇಳಿಗಿಡ ನನಗೆ ಹಿಡಿಸಿವೆ. ತುಂಬುಗಿಡದಲ್ಲಿ ಅನುಮಾನ. ತುಂಬುಗೆನ್ನೆ, ತುಂಬು ಸಂಸಾರ ಅನ್ನುವಾಗ ‘ತುಂಬು’ ಅಂದರೆ ತುಂಬಿಕೊಂಡಿರುವುದು, ಇನ್ನೊಂದನ್ನು ತುಂಬುವುದಲ್ಲ. ತುಂಬುಗಿಡ ಅಂದರೆ ಹೂ ತುಂಬಿದ ಗಿಡ ಅಂತ ಓದಿಕೊಂಡಾರು. ‘ಹಬ್ಬುಗಿಡ’ ಅಂದರೆ ಬಳ್ಳಿಯ ಕಡೆಗೆ ವಾಲುತ್ತದೆ. ಇದಕ್ಕೆ ಒಂದು ಒಳ್ಳೆಯ ಮಾತು ಬೇಕು.

ಇನ್ನೊಂದು ಕೋರಿಕೆ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟದವರಿಗೆ. ಮರದ ಎಲೆಗಳ ನಡುವಿನಿಂದ ಚುಕ್ಕೆ ಚುಕ್ಕೆಯಾಗಿ ಬೀಳುವ ಬಿಸಿಲಿಗೆ ನೀವು ಏನನ್ನುತ್ತೀರಿ? ನೆರಳು ಹದ ಮಾಡಲು ಕೊಂಬೆ ಕಡಿಯುವುದಕ್ಕೆ ‘ಮರಗಸಿ’ ಅನ್ನುವ ಪದವೇ ನಿಮ್ಮಲ್ಲಿದೆ. ಆ ಹದದ ಬಿಸಿಲಿಗೂ ಒಂದು ಹೆಸರು ಇದ್ದೀತು. ಇಲ್ಲಿ ನೆರಳುಪರದೆ ಕಟ್ಟಿದ ಬಾಲ್ಕನಿಗಳಿಗೆ ಸರಿಯಾಗಿ ಅದೇ ಪದ ಬೇಕಾಗಿದೆ. ಊರಿನ ಹೆಸರು ಸೇರಿಸಿ ಬರೆದರೆ ಕೈಪಿಡಿಯಲ್ಲಿ ಅದನ್ನೂ ಕೊಡುತ್ತೇನೆ.