ಓದುಗರ ಸ್ಪಂದನ: ‘ಹೋದದ್ದು ಬಂದರೆ ಸಾಕು, ಬಿಟ್ಟುಬಿಡ್ತೀನಿ’

ಕಳೆದ ಸಂಚಿಕೆಯ ಸಮಸ್ಯೆ: ಚಿಕ್ಕಮಗಳೂರು ಕಡೆಯ ಮೆಣಸಿನ ವ್ಯಾಪಾರಿ, ವಯಸ್ಸು 38. ಸ್ನೇಹಿತರ ಜೊತೆ ಬೆಂಗಳೂರಿಗೆ ಹೋಗಿ ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ್ದರಿಂದ ಶುರುವಾದದ್ದು ಈಗ ಮೊಬೈಲಿನ ಕ್ರಿಕೆಟ್ ಬೆಟ್ಟಿಂಗ್‌ವರೆಗೆ ಬಂದಿದೆ. ಮೂರು ವರ್ಷದಲ್ಲಿ 11 ಲಕ್ಷ ಹೋಗಿದೆ. ಹೆಂಡತಿಯ ಒಡವೆ ಗಿರವಿಯಲ್ಲಿದೆ, ಅವರಿಗೆ ಗೊತ್ತಿಲ್ಲ. ‘ಈಗ ಆಟ ಅರ್ಥವಾಗಿದೆ. ಹೋದದ್ದು ಬಂದರೆ ಸಾಕು, ಬಿಟ್ಟುಬಿಡ್ತೀನಿ. ಅಲ್ಲಿವರೆಗೆ ಮನೆಯಲ್ಲಿ ಹೇಳದೆ ಇರುವುದು ತಪ್ಪೇ?’ ಎಂದು ಕೇಳಿದ್ದರು.

*

ತಮ್ಮಾ, ‘ಈಗ ಆಟ ಅರ್ಥವಾಗಿದೆ’ ಅನ್ನೋ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಇದೇ ಮಾತನ್ನು ನಾನು ಮೂವತ್ತು ವರ್ಷದ ಹಿಂದೆ ನಮ್ಮಪ್ಪನಿಗೆ ಹೇಳಿದ್ದೆ.

ಆಗ ಒಂದು ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಆಳುಗಳ ಬಟವಾಡೆ ಮುಗಿಸಿ ರಾತ್ರಿ ಬಸ್ ಹತ್ತಿದರೆ ಮಾರನೇ ಮಧ್ಯಾಹ್ನ ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ. ಜೊತೆಯವರು ಹೆಸರು ಚೆನ್ನಾಗಿದೆ ಅಂತ ಕುದುರೆ ಆರಿಸುತ್ತಿದ್ದರು. ನಾನು ಹಾಗಲ್ಲ. ಯಾವ ಜಾಕಿ, ಎಷ್ಟು ತೂಕ, ಮಳೆ ಬಿದ್ದ ದಿನ ಹೇಗೆ ಓಡಿತು, ಎಲ್ಲವನ್ನೂ ಹಳೇ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದೆ. ಕುದುರೆ ಓಟದಲ್ಲಿ ಕೌಶಲ ಇದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದಾಗ ನನಗೇ ಸರ್ಟಿಫಿಕೇಟ್ ಸಿಕ್ಕಿದಷ್ಟು ಹಿಗ್ಗಿದ್ದೆ.

ಕೌಶಲ ಇದೆ, ಸುಳ್ಳಲ್ಲ. ಆದರೆ ಎರಡು ಸಂಗತಿ ತಿಳಿಯಲು ನನಗೆ ಆರು ವರ್ಷ ಬೇಕಾಯಿತು. ಒಂದು, ಹ್ಯಾಂಡಿಕ್ಯಾಪ್ ರೇಸಿನಲ್ಲಿ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ. ಹೋದ ಸಲ ಗೆದ್ದದ್ದಕ್ಕೆ ಈ ಸಲ ಭಾರ ಜಾಸ್ತಿ. ಎಲ್ಲ ಕುದುರೆಗಳೂ ಹತ್ತಿರ ಹತ್ತಿರ ಬರಲಿ ಅಂತಲೇ ಹಾಗೆ ಮಾಡೋದು. ಅಂದರೆ ನಾನು ನಿದ್ದೆಗೆಟ್ಟು ಹಾಕಿದ ಲೆಕ್ಕವನ್ನು ತೂಕ ಕಟ್ಟುವವರು ಮೊದಲೇ ಹಾಕಿ ಮುಗಿಸಿರುತ್ತಿದ್ದರು.

ಎರಡನೆಯದನ್ನು ಪೆನ್ನು ಹಿಡಿದು ಕೂತು ನೀವೇ ಮಾಡಿ ನೋಡಿ. ಆರು ಕುದುರೆಯ ಓಟ. ಬುಕ್ಕಿ ಬರೆದ ದರ ಒಂದಕ್ಕೆ ಎರಡು, ಮೂರು, ನಾಲ್ಕು, ನಾಲ್ಕು, ಐದು, ಒಂಬತ್ತು ಅಂತಿಟ್ಟುಕೊಳ್ಳಿ. ಯಾವುದು ಗೆದ್ದರೂ, ಅದರ ಮೇಲೆ ಕಟ್ಟಿದ್ದೂ ಸೇರಿ ಕೈಗೆ 600 ರೂಪಾಯಿ ಬರಬೇಕು ಅಂದರೆ 200, 150, 120, 120, 100, 60 ಹೀಗೆ ಆರರ ಮೇಲೂ ಕಟ್ಟಬೇಕು. ಕೂಡಿ. 750 ಆಗುತ್ತದೆ. 750 ಕೊಟ್ಟು 600 ತಗೊಳ್ಳೋದು! ಆ 150 ಬುಕ್ಕಿಯ ಪಾಲು, ಕುದುರೆ ಗೇಟು ಬಿಡುವ ಮೊದಲೇ ಹೋಯಿತು. ಎಲ್ಲರೂ ಕಟ್ಟಿದ್ದನ್ನು ಒಟ್ಟುಮಾಡಿ ಗೆದ್ದವರಿಗೆ ಹಂಚುವ ಟೋಟ್‌ನಲ್ಲಾದರೂ ಒಟ್ಟು ಹಣದಲ್ಲಿ ಒಂದು ಪಾಲು ಕಿತ್ತುಕೊಂಡೇ ಉಳಿದದ್ದನ್ನು ಹಂಚುತ್ತಾರೆ. ಈಗಂತೂ ಕಟ್ಟುವ ಪೂರ್ತಿ ಹಣದ ಮೇಲೆ ಜಿಎಸ್‌ಟಿ ಬೇರೆ: 2023ರ ಅಕ್ಟೋಬರ್‌ನಿಂದ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40. ಪಕ್ಕದವನಿಗಿಂತ ನೀವು ಸ್ವಲ್ಪ ಜಾಣರಾದರೆ ಸಾಲದು, ಇಷ್ಟನ್ನೂ ದಾಟುವಷ್ಟು ಜಾಣರಾಗಬೇಕು.

ನನ್ನನ್ನು ಬಿಡಿಸಿದ್ದು ಒಂದು ನೋಟ್‌ಬುಕ್ಕು. ಒಂದು ಸೀಸನ್ ಪೂರ್ತಿ ಕುದುರೆಯ ವಿಷಯ ಬಿಟ್ಟು ಬರೀ ನನ್ನ ದುಡ್ಡು ಬರೆದೆ. ಕಟ್ಟಿದ್ದು, ಬಂದದ್ದು, ಬಸ್ ಚಾರ್ಜು, ಊಟ, ಟಿಪ್ಸ್ ಕೊಟ್ಟವನಿಗೆ ಕೊಟ್ಟದ್ದು. ಗೆದ್ದ ಒಂದೊಂದು ರೇಸೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಸೋತ ಎಷ್ಟೋ ರೇಸುಗಳು ನೋಟ್‌ಬುಕ್ಕಿನಲ್ಲಿದ್ದವು, ನನ್ನ ತಲೆಯಲ್ಲಿ ಇರಲೇ ಇಲ್ಲ. ಅಷ್ಟರಲ್ಲಿ ಅಪ್ಪನ ಒಂದೂವರೆ ಎಕರೆ ಗದ್ದೆ ಪರರ ಪಾಲಾಗಿತ್ತು. ಈಗಲೂ ಬಸ್ಸಿನಲ್ಲಿ ಆ ಗದ್ದೆಯ ಮುಂದೆ ಹೋಗುವಾಗ ಆಚೆ ಕಡೆ ಕಿಟಕಿಗೆ ಕೂರುತ್ತೇನೆ.

– ನಿವೃತ್ತ ತೋಟದ ರೈಟರ್, ಸಕಲೇಶಪುರ

*

ಅಣ್ಣಾ, ನನಗೆ 29. ಹಾಸನದಲ್ಲಿ ಮೊಬೈಲ್ ಅಂಗಡಿ. ರೇಸ್ ನನಗೆ ಗೊತ್ತಿಲ್ಲ, ಬೆಟ್ಟಿಂಗ್ ಎಕ್ಸ್‌ಚೇಂಜ್ ಗೊತ್ತು.

ಇಲ್ಲಿ ಬುಕ್ಕಿ ಇಲ್ಲ, ಆಡೋರು ಆಡೋರ ನಡುವೆಯೇ ಪಂತ, ಹಾಗಾಗಿ ಮೋಸ ಇಲ್ಲ ಅಂತ ಆಡೋಕೆ ಲಾಗಿನ್ ಐಡಿ ಕೊಟ್ಟವನು ಹೇಳಿದ್ದ. 2000ರಲ್ಲಿ ಇಂಗ್ಲೆಂಡಿನಲ್ಲಿ ಬೆಟ್‌ಫೇರ್ ಶುರು ಮಾಡಿದ ಪದ್ಧತಿ ಅದು. ಒಬ್ಬ ಗೆಲ್ಲುತ್ತೆ ಅಂತ ಕಟ್ತಾನೆ, ಇನ್ನೊಬ್ಬ ಗೆಲ್ಲಲ್ಲ ಅಂತ ಕಟ್ತಾನೆ, ಕಂಪನಿ ಗೆದ್ದವನ ಲಾಭದಲ್ಲಿ ಕಮಿಷನ್ ತಗೊಳ್ಳುತ್ತೆ. ನಮ್ಮೂರ ಐಡಿಗಳಲ್ಲಿ ಆ ರೇಟಿನ ಪರದೆ ಮಾತ್ರ ಇರುತ್ತೆ. ದುಡ್ಡು ಏಜೆಂಟ್ ಕೈಯಲ್ಲಿ. ನಾನು ಒಂದು ಸಲ 60 ಸಾವಿರ ಗೆದ್ದೆ, ಮಾರನೇ ದಿನ ಐಡಿಯೇ ಓಪನ್ ಆಗಲಿಲ್ಲ.

ನನ್ನ ಪದ್ಧತಿ ಹೇಳ್ತೀನಿ, ನಿಮ್ಮದೂ ಇದೇ ಇರಬಹುದು. ಗೆಲ್ಲೋದು ಗ್ಯಾರಂಟಿ ಅನ್ನೋ ತಂಡ ನಾಲ್ಕು ಪೈಸೆಗೆ (ರೂಪಾಯಿ ಕಟ್ಟಿದರೆ ನಾಲ್ಕು ಪೈಸೆ ಲಾಭ) ಬಂದಾಗ 10,000 ಲಗಾಯಿ, ಅಂದ್ರೆ ಗೆಲ್ಲುತ್ತೆ ಅಂತ ಕಟ್ಟೋದು. ಗೆದ್ದರೆ 400. ಹತ್ತೊಂಬತ್ತು ಸಲ ಗೆದ್ದೆ, 7,600 ಬಂತು. ಇಪ್ಪತ್ತನೇ ಸಲ ಕೊನೇ ಓವರಿನಲ್ಲಿ ಹತ್ತು ಸಾವಿರ ಒಟ್ಟಿಗೆ ಹೋಯ್ತು. ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿಯಾಗಿ ಹೇಳಿದವನಿಗೆ 2,400 ಲಾಸ್. ಆಮೇಲೆ ಖಾಯಿ ಹಿಡಿದೆ, ಅಂದ್ರೆ ಗೆಲ್ಲಲ್ಲ ಅಂತ ಕಟ್ಟೋದು. ಇಪ್ಪತ್ತು ರೂಪಾಯಿ ರೇಟಿನಲ್ಲಿರೋ ತಂಡ ಎಲ್ಲಿ ಗೆಲ್ಲುತ್ತೆ ಅಂತ 1,000 ರೂಪಾಯಿ ಆಸೆಗೆ 20,000 ಒಡ್ಡೋದು. ಅದೂ ಅಷ್ಟೇ.

ಸೋತಾಗ ಡಬಲ್ ಮಾಡೋ ಲೆಕ್ಕವೂ ಮಾಡಿದ್ದೀನಿ. ನೂರರಿಂದ ಶುರು ಮಾಡಿ ಎಂಟು ಸಲ ಸತತ ಸೋತರೆ 25,500 ಹೋಗಿರುತ್ತೆ, ಒಂಬತ್ತನೇ ಸಲಕ್ಕೆ 25,600 ಬೇಕು. ಗೆದ್ದರೂ ಕೊನೆಗೆ ಉಳಿಯೋದು ಮೊದಲ ನೂರು ರೂಪಾಯಿ. ಇನ್ನು ಟಿವಿ ನೋಡಿಕೊಂಡು ಬಾಲ್ ಬಾಲ್‌ಗೂ ಆಡೋರು ಒಂದು ತಿಳ್ಕೊಳ್ಳಿ: ನಮಗೆ ಕಾಣೋ ಬಾಲ್ ಮೈದಾನದಲ್ಲಿ ಎಷ್ಟೋ ಸೆಕೆಂಡ್ ಮುಂಚೆ ಆಗಿಹೋಗಿರುತ್ತೆ. ಅಲ್ಲಿ ಕೂತವನಿಗೆ ವಿಕೆಟ್ ಬಿದ್ದದ್ದು ಗೊತ್ತು, ನಮಗೆ ಬೌಲರ್ ಇನ್ನೂ ಓಡಿಬರ್ತಿರ್ತಾನೆ.

ನಿದ್ದೆ ಪೂರ್ತಿ ಹೋದ ಮೇಲೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆ ಕಡೆಯವರು ಬೈಯ್ಯಲಿಲ್ಲ. ಅಷ್ಟಕ್ಕೇ ನನಗೆ ಅಳು ಬಂತು. ಇದು ಚಟ ಅನ್ನೋದಕ್ಕಿಂತ ಕಾಯಿಲೆ ಅಂತ ಡಾಕ್ಟರ್ ಹೇಳಿದ ಮೇಲೆ ಔಷಧಿ ತಗೊಳ್ಳೋಕೆ ನಾಚಿಕೆ ಆಗಲಿಲ್ಲ.

– ಹೆಸರು ಬೇಡ, ಹಾಸನ

*

ಎಲ್ಲರೂ ಹೆಂಡತಿಗೆ ಹೇಳಿ ಎನ್ನುತ್ತಾರೆ. ಹೇಳಲೇಬೇಕು. ಆದರೆ ಒಬ್ಬರೇ ಹೋಗಿ ಹೇಳಬೇಡಿ. ಅವರ ಅಣ್ಣನನ್ನೋ ನಿಮ್ಮ ಅಕ್ಕನನ್ನೋ ಜೊತೆಗೆ ಕೂರಿಸಿಕೊಳ್ಳಿ. ನಮ್ಮ ಮನೆಯಲ್ಲಿ ತಮ್ಮ ಒಬ್ಬನೇ ಹೇಳಲು ಹೋಗಿ, ಹೆಂಡತಿಯ ಅಳು ನೋಡಲಾರದೆ ಅರ್ಧಕ್ಕರ್ಧ ಸಾಲ ಮುಚ್ಚಿಟ್ಟ. ಆರು ತಿಂಗಳಿಗೆ ಉಳಿದರ್ಧ ಬಾಗಿಲು ತಟ್ಟಿತು. ಎರಡನೇ ಸಲ ಅವಳು ನಂಬಲಿಲ್ಲ.

– ಕೊಬ್ಬರಿ ವ್ಯಾಪಾರಿ, ಅರಸೀಕೆರೆ

*

ಹಣದ ಬಗ್ಗೆ ಮಾತ್ರ ಬರೆಯುತ್ತೇನೆ. ಯಾವುದು ಗಿರವಿ ಸಾಲ, ಯಾವುದು ಮೀಟರ್ ಬಡ್ಡಿ, ಯಾವುದು ಬೆಟ್ಟಿಂಗ್ ಬಾಕಿ ಎಂದು ಮೊದಲು ಬೇರೆ ಬೇರೆ ಬರೆಯಿರಿ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಪಂತದ ಕರಾರು ಅಸಿಂಧು, ಪಂತದ ಬಾಕಿಗೆ ದಾವೆ ಹೂಡಿ ವಸೂಲು ಮಾಡುವಂತಿಲ್ಲ. ಏಜೆಂಟ್‌ಗೆ ಖಾಲಿ ಚೆಕ್ ಕೊಟ್ಟಿದ್ದರೆ ಮಾತ್ರ ಎಚ್ಚರ. ಚೆಕ್ ಬೌನ್ಸ್ ನೋಟಿಸ್ ಬಂದರೆ 15 ದಿನದೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು, ಸುಮ್ಮನೆ ಬೀರುವಿಗೆ ಸೇರಿಸಬೇಡಿ. ಸಾಲಗಾರರಿಗೆ ಕಿರುಕುಳ ಕೊಡುವವರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಲ್ಲಿ ಗಲಾಟೆ ಮಾಡಿದರೆ ಠಾಣೆಗೆ ದೂರು ಕೊಡಿ.

‘ಆಡಿದ ನಿನ್ನನ್ನೇ ಒಳಗೆ ಹಾಕ್ತಾರೆ’ ಎಂದು ಏಜೆಂಟರು ಹೆದರಿಸುತ್ತಾರೆ. ಆನ್‌ಲೈನ್ ಹಣದಾಟ ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾಯ್ದೆಯಲ್ಲಿ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ ಇದೆ. ಆಡಿದವರಿಗೆ ಆ ಕಾಯ್ದೆ ಶಿಕ್ಷೆ ಇಟ್ಟಿಲ್ಲ.

ಇನ್ನು ‘ಹೋದದ್ದು ಬಂದರೆ ಸಾಕು’ ಎಂಬ ಮಾತು. ಪಂತದ ಗೆಲುವಿಗೆ ಆದಾಯ ತೆರಿಗೆ ಶೇ 30. ಹಿಂದಿನ ವರ್ಷಗಳಲ್ಲಿ ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ಹಾಗಾಗಿ 11 ಲಕ್ಷ ಗೆದ್ದರೂ 11 ಲಕ್ಷ ವಾಪಸ್ ಬಂದ ಹಾಗಾಗದು.

– ನಿವೃತ್ತ ಬ್ಯಾಂಕ್ ಮ್ಯಾನೇಜರ್, ಹಾಸನ

*

ಅಣ್ಣಾ, ನಾನು ನಿಮ್ಮ ಹೆಂಡತಿಯ ಜಾಗದಲ್ಲಿ ಇದ್ದವಳು.

ನಮ್ಮನೆಯವರು ಹೇಳಲಿಲ್ಲ. ಸೋಮವಾರ ಬಟ್ಟೆ ನೆನೆಸುವಾಗ ಪ್ಯಾಂಟಿನ ಜೇಬಲ್ಲಿ ಗಿರವಿ ಚೀಟಿ ಸಿಕ್ಕಿತು. ಅರ್ಧ ಒದ್ದೆಯಾಗಿ ಶಾಯಿ ಹರಡಿತ್ತು, ಆದರೆ ‘ಎರಡೆಳೆ ಸರ, 32 ಗ್ರಾಂ’ ಅನ್ನೋದು ಓದಲು ಬರುತ್ತಿತ್ತು. ನನ್ನ ತವರಿನವರು ಮೆಣಸು ಮಾರಿ ಮಾಡಿಸಿದ ಸರ. ಹಿಂದಿನ ವಾರವಷ್ಟೇ ತಂಗಿಯ ನಿಶ್ಚಿತಾರ್ಥಕ್ಕೆ ಸರ ತನ್ನಿ ಅಂದಿದ್ದಕ್ಕೆ ‘ಲಾಕರ್ ಕೀ ಸಿಗ್ತಿಲ್ಲ’ ಅಂದಿದ್ದರು, ನಾನು ಮನೆಯೆಲ್ಲ ಕೀ ಹುಡುಕಿದ್ದೆ. ಅವರೂ ನನ್ನ ಜೊತೆ ಬಗ್ಗಿ ಮಂಚದ ಕೆಳಗೆ ಹುಡುಕಿದ್ದರು. ಸರ ಹೋದದ್ದು ಮರೆತೆ ಅಣ್ಣಾ. ಅವರು ಮಂಚದ ಕೆಳಗೆ ಬಗ್ಗಿದ್ದು ಇವತ್ತಿಗೂ ಮರೆಯಲು ಆಗಿಲ್ಲ.

ಸರ ಬಿಡಿಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ಎಟಿಎಂ ಕಾರ್ಡು, ಫೋನ್‌ಪೇ ಎಲ್ಲ ನನ್ನ ಕೈಗೆ ಕೊಟ್ಟರು. ತಿಂಗಳು ತಿಂಗಳು ಇಬ್ಬರೂ ಒಟ್ಟಿಗೆ ಮೂಡಿಗೆರೆ ಪೇಟೆಗೆ ಹೋಗಿ ಕಟ್ಟಿ ಬರುತ್ತಿದ್ದೆವು. ಕ್ರಿಕೆಟ್ ಇದ್ದ ರಾತ್ರಿ ಅವರಿಗೆ ಕೈ ನಡುಗುತ್ತಿತ್ತು, ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ನಿಮ್ಮ ಚೀಟಿ ಇನ್ನೂ ನಿಮ್ಮ ಕೈಯಲ್ಲೇ ಇದೆ. ಇವತ್ತು ಮಕ್ಕಳು ಮಲಗಿದ ಮೇಲೆ ನೀವೇ ಅದನ್ನು ಅವರ ಕೈಗೆ ಕೊಡಿ.

– ಗೃಹಿಣಿ, ಮೂಡಿಗೆರೆ ತಾಲ್ಲೂಕು