ಕಿವಿ ಡಾಕ್ಟರು ಅಮ್ಮನ ಕಣ್ಣನ್ನೇ ಯಾಕೆ ನೋಡಿದರು?

ಕೊಟ್ಟೂರು ಹುಡುಗ:
ಅಮ್ಮನಿಗೆ 61. ಎರಡು ವಾರದಿಂದ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದರೆ ಸಾಕು, ಮನೆ ಗಿರ್ರನೆ ತಿರುಗುತ್ತದೆ ಅಂತಾರೆ. ಸೋದರತ್ತೆ ಪಿತ್ತ ಅಂತ ಜೀರಿಗೆ ಕಷಾಯ ಕುಡಿಸಿದರು. ಬಿಪಿ ಸರಿ ಇದೆ. ನಿನ್ನೆ ಇಎನ್‌ಟಿ ಡಾಕ್ಟರು ಕಿವಿಯೊಳಗೆ ಒಮ್ಮೆ ಇಣುಕಿ ಬಿಟ್ಟರು. ಆಮೇಲೆ ಅಮ್ಮನ ತಲೆ ಬಲಕ್ಕೆ ತಿರುಗಿಸಿ, ದಬಕ್ಕನೆ ಅಂಗಾತ ಮಲಗಿಸಿ, ತಲೆ ಮಂಚದಂಚಿಗೆ ಇಳಿಬಿಟ್ಟು "ಕಣ್ಣು ಮುಚ್ಚಬೇಡಿ" ಅಂದರು. ಅಮ್ಮ ಚೀರಿದರು. ಕಣ್ಣುಗುಡ್ಡೆ ಪಟಪಟ ಅಂತ ಮೇಲಕ್ಕೆ ಹಾರುತ್ತಾ ತಿರುಚುತ್ತಿತ್ತು. ನನಗೆ ಕೈಕಾಲೇ ಆಡಲಿಲ್ಲ. ಡಾಕ್ಟರು ಮಾತ್ರ "ಬಲಗಿವಿ, ಹರಳು ಜಾರಿದೆ" ಅಂದರು. ಸ್ಕ್ಯಾನ್ ಬೇಡವಂತೆ! ಕಣ್ಣು ನೋಡಿ ಕಿವಿ ಹೇಗೆ ಗೊತ್ತಾಯಿತು?

ಆಡಿಯಾಲಜಿ ಅಕ್ಕ:
ಮೈಸೂರಲ್ಲಿ ಓದಿ, ಈ ಪರೀಕ್ಷೆಯನ್ನೇ ದಿನಾ ಮಾಡುವವಳು ನಾನು. ಮೊದಲು ಒಂದು ಆಟ. ಮೊಬೈಲ್ ಹಿಡಿದು ತಲೆಯಷ್ಟೇ ಆಡಿಸುತ್ತಾ ಓದಿ, ಅಕ್ಷರ ಕಾಣುತ್ತದೆ. ಈಗ ತಲೆ ಬಿಟ್ಟು ಮೊಬೈಲನ್ನು ಅಷ್ಟೇ ಜೋರಾಗಿ ಆಡಿಸಿ. ಕಲಸಿಹೋಯ್ತು ಅಲ್ವಾ? ತಲೆ ತಿರುಗಿದ ಸುದ್ದಿಯನ್ನು ಒಳಕಿವಿ ಕಣ್ಣಿಗೆ ಮುಟ್ಟಿಸುತ್ತದೆ, ಕಣ್ಣು ಎದುರು ದಿಕ್ಕಿಗೆ ಸರಿದು ನೋಟ ನಿಲ್ಲಿಸುತ್ತದೆ. ಒಳಕಿವಿ ಸುಳ್ಳು ಸುದ್ದಿ ಕೊಟ್ಟರೂ ಕಣ್ಣು ನಂಬುತ್ತದೆ, ಪಾಪ.

ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಣ್ಣ ಹರಳುಗಳಿವೆ. ತಲೆ ತಿರುಗಿದ್ದನ್ನು ಗುರುತಿಸಲು ಅಲ್ಲೇ ದ್ರವ ತುಂಬಿದ ಬಾಗಿದ ಕೊಳವೆಗಳೂ ಇವೆ, ಅರೆವೃತ್ತ ನಾಳ ಅಂತೀವಿ. ಹರಳು ಜಾಗ ಬಿಟ್ಟು ಹಿಂದಿನ ಅರೆವೃತ್ತ ನಾಳಕ್ಕೆ ಬಿದ್ದರೆ, ಮಲಗಿದಾಗ ಅಲ್ಲಿ ಉರುಳಿ ದ್ರವವನ್ನೂ ಎಳೆಯುತ್ತವೆ. ತಲೆ ನಿಂತಿದ್ದರೂ ತಿರುಗುತ್ತಿದೆ ಅನ್ನಿಸುತ್ತದೆ. ಆ ನಾಳಕ್ಕೆ ಅದರದೇ ಕಣ್ಣಿನ ಕುಣಿತ ಇದೆ. ಅದೇ ನಿಮ್ಮಮ್ಮನಿಗೆ ಆದದ್ದು, ನಾವು ನಿಸ್ಟಾಗ್ಮಸ್ ಅಂತೀವಿ. 1952ರಿಂದ ಡಿಕ್ಸ್-ಹಾಲ್‌ಪೈಕ್ ಹೆಸರಿನಲ್ಲಿ ಈ ಪರೀಕ್ಷೆ ನಡೆದಿದೆ. ಮಲಗಿಸಿದ ಕೂಡಲೇ ಶುರುವಾಯಿತಾ? ಎಷ್ಟು ಹೊತ್ತು ಇತ್ತು?

ಕೊಟ್ಟೂರು ಹುಡುಗ:
ತಮ್ಮ ವಿಡಿಯೋ ತೆಗೆದಿದ್ದ, ಈಗ ನೋಡಿದೆ. ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ಸುಮಾರು ಇಪ್ಪತ್ತು ಸೆಕೆಂಡ್ ಕುಣಿದು ನಿಂತಿತು. ಎದ್ದು ಕೂರಿಸಿದಾಗ ಉಲ್ಟಾ ಕುಣಿಯಿತು.

ಆಡಿಯಾಲಜಿ ಅಕ್ಕ:
ಪಕ್ಕಾ ಹರಳಿನ ಲಕ್ಷಣ. ತಡವಾಗಿ ಶುರುವಾಗಿ, ಒಂದು ನಿಮಿಷದೊಳಗೆ ನಿಲ್ಲಬೇಕು. ಬಲಕ್ಕೆ ಮಲಗಿಸಿದಾಗ ಬಂದದ್ದರಿಂದ ಬಲಗಿವಿ. ಮಾಮೂಲಿ ಸ್ಕ್ಯಾನಿನಲ್ಲಿ ಈ ಹರಳು ಕಾಣುವುದಿಲ್ಲ, ಸುಮ್ನೆ ದುಡ್ಡು ದಂಡ.

ಹಾಸನದವ:
ಎಲ್ಲಾ ತಲೆಸುತ್ತೂ ಹರಳಲ್ಲ ಸ್ವಾಮಿ. ನಮ್ಮಪ್ಪನಿಗೆ ಇಡೀ ದಿನ ಬಿಡದೆ ಸುತ್ತು. ಎಡಕ್ಕೆ ನೋಡಿದರೆ ಕಣ್ಣು ಎಡಕ್ಕೆ ಜಗ್ಗುತ್ತಿತ್ತು, ಬಲಕ್ಕೆ ನೋಡಿದರೆ ಬಲಕ್ಕೆ. ನಿಲ್ಲಲೂ ಆಗಲಿಲ್ಲ. ಕಿರುಮೆದುಳಿನಲ್ಲಿ ಸ್ಟ್ರೋಕ್ ಆಗಿತ್ತು.

ಆಡಿಯಾಲಜಿ ಅಕ್ಕ:
ಸರಿಯಾಗಿ ಹೇಳಿದಿರಿ. ನೋಟದ ಜೊತೆ ದಿಕ್ಕು ಬದಲಿಸುವ ಕುಣಿತ, ಅಥವಾ ನೇರ ಕೆಳಕ್ಕೇ ಹೊಡೆಯುವ ಕುಣಿತ ಕಂಡರೆ ಮೆದುಳಿನ ಕಡೆ ನೋಡಬೇಕು. ಅಂಥವರಿಗೆ ಸ್ಕ್ಯಾನ್ ಬೇಕೇ ಬೇಕು, ತಡ ಮಾಡಬಾರದು.

ಕೊಟ್ಟೂರು ಹುಡುಗ:
ಅಕ್ಕ, ಹರಳು ವಾಪಸ್ ಕಳಿಸಲು ಎಪ್ಲಿ ಅಂತ ತಲೆ ಹೊರಳಿಸಿದ್ದಾರೆ. ಪಕ್ಕದ ಮನೆಯವರು ಎರಡು ರಾತ್ರಿ ಕೂತೇ ಮಲಗಬೇಕು ಅಂತಿದ್ದಾರೆ. ಹೌದಾ?

ಆಡಿಯಾಲಜಿ ಅಕ್ಕ:
ಹಿಂದೆ ನಾವೂ ಹಾಗೇ ಹೇಳುತ್ತಿದ್ದೆವು. ಈಗ ಬೇಕಿಲ್ಲ. ಆರಾಮಾಗಿ ಮಲಗಲಿ. ಮತ್ತೆ ಸುತ್ತು ಬಂದರೆ ಇನ್ನೊಮ್ಮೆ ಮಾಡಿಸಿ.