ವಾಗ್ದಾನ ಸಿಕ್ಕಿದ ಮೇಲೂ ಪೌಲನು ನಾವಿಕರನ್ನು ತಡೆದದ್ದೇಕೆ?

ಪ್ರಶ್ನೆ:
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 27ನೇ ಅಧ್ಯಾಯವನ್ನು ಓದಿದಾಗಿನಿಂದ ಒಂದು ಸಂದೇಹ ನನ್ನನ್ನು ಕಾಡುತ್ತಿದೆ. ಕೈದಿಯಾಗಿ ರೋಮಿಗೆ ಹಡಗಿನಲ್ಲಿ ಹೋಗುತ್ತಿದ್ದ ಅಪೊಸ್ತಲ ಪೌಲನು, ದೇವದೂತನಿಂದ ವಾಗ್ದಾನ ಪಡೆದು, ಹಡಗು ಹಾಳಾದರೂ ಒಬ್ಬರ ಪ್ರಾಣವೂ ಹೋಗದೆಂದು 22ನೇ ವಚನದಲ್ಲಿ ಖಚಿತವಾಗಿ ಹೇಳುತ್ತಾನೆ. ಆದರೆ ನಾವಿಕರು ಲಂಗರು ಹಾಕುವ ನೆಪದಲ್ಲಿ ದೋಣಿಯನ್ನಿಳಿಸಿ ತಪ್ಪಿಸಿಕೊಳ್ಳಲು ಹೊರಟಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎಂದು ಅವನೇ ಶತಾಧಿಪತಿಯನ್ನು, ಅಂದರೆ ಕಾವಲಿನ ಸಿಪಾಯಿಗಳ ಅಧಿಕಾರಿಯನ್ನು, ಎಚ್ಚರಿಸುತ್ತಾನೆ. ದೇವರ ತೀರ್ಮಾನ ಆಗಿಹೋಗಿದ್ದರೆ ನಾವಿಕರು ಇದ್ದರೇನು, ಹೋದರೇನು? ವಾದಕ್ಕಾಗಿ ಕೇಳುತ್ತಿಲ್ಲ. ಸಕ್ಕರೆ ಕಾಯಿಲೆಯಿರುವ ನನ್ನ ತಾಯಿ, ಕಾಪಾಡುವವನು ದೇವರಲ್ಲವೇ ಎನ್ನುತ್ತಾ ಎರಡು ವಾರಗಳಿಂದ ಮಾತ್ರೆಗಳನ್ನು ಸತ್ಯವೇದದ ಪಕ್ಕದಲ್ಲೇ ಮುಟ್ಟದೆ ಇಟ್ಟಿದ್ದಾರೆ. ಅವರ ನಂಬಿಕೆಗೆ ನೋವಾಗದಂತೆ ಏನು ಹೇಳಲಿ?

ಉತ್ತರ 1:
ಸಹೋದರರೇ, ಆ ರಾತ್ರಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಬಿರುಗಾಳಿಗೆ ಸಿಕ್ಕಿ ಹದಿನಾಲ್ಕನೆಯ ರಾತ್ರಿ. ಆಳ ನೋಡಲು ಗುಂಡು ಇಳಿಸಿದರೆ ಮೊದಲು 20 ಮಾರು, ಸ್ವಲ್ಪ ಮುಂದೆ ಹೋದಾಗ 15 ಮಾರು. ಬಂಡೆಗೆ ಬಡಿದೇವೆಂಬ ಭಯದಿಂದ ಹಿಂಭಾಗದಲ್ಲಿ ನಾಲ್ಕು ಲಂಗರುಗಳನ್ನು ಬಿಟ್ಟು, ಯಾವಾಗ ಬೆಳಗಾದೀತೆಂದು ಹಾರೈಸುತ್ತಿದ್ದರು. ಹಡಗು ನಡೆಸಲು ಬಲ್ಲವರು ಆ ನಾವಿಕರೇ. ದೇವರು 276 ಜನರನ್ನು ದಡ ಸೇರಿಸುವುದಾಗಿ ನಿಶ್ಚಯಿಸಿದಾಗ, ಅವರ ಕೈಗಳ ಮೂಲಕವೇ ಸೇರಿಸುವುದನ್ನೂ ನಿಶ್ಚಯಿಸಿದ್ದನು ಎಂದು ನಾನು ಓದುತ್ತೇನೆ. ಪೌಲನ ಎಚ್ಚರಿಕೆ ವಾಗ್ದಾನದ ಮೇಲಿನ ಸಂದೇಹವಲ್ಲ. ಆ ವಾಗ್ದಾನ ನೆರವೇರಿದ ದಾರಿಯೇ ಅದು. ಸಿಪಾಯಿಗಳು ದೋಣಿಯ ಹಗ್ಗವನ್ನು ಕತ್ತರಿಸಿದ್ದೂ ಅದರಲ್ಲೇ ಸೇರಿದೆ.

ಉತ್ತರ 2:
ಇದಕ್ಕೆ 23ನೇ ಅಧ್ಯಾಯವನ್ನೂ ಕೂಡಿಸಿ ಓದಬೇಕು. ರೋಮಿನಲ್ಲಿಯೂ ನೀನು ಸಾಕ್ಷಿ ಹೇಳಬೇಕೆಂದು ಯೆರೂಸಲೇಮಿನ ಕೋಟೆಯಲ್ಲಿ ಸೆರೆಯಲ್ಲಿದ್ದ ಪೌಲನಿಗೆ ಕರ್ತನು ರಾತ್ರಿ ತಿಳಿಸುತ್ತಾನೆ. ಬೆಳಗಾದೊಡನೆ, ಪೌಲನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲವೆಂದು 40ಕ್ಕೂ ಹೆಚ್ಚು ಮಂದಿ ಶಪಥ ಮಾಡುತ್ತಾರೆ. ಆ ಸಂಚನ್ನು ಮುರಿಯಲು ಆಕಾಶದಿಂದ ಬೆಂಕಿ ಇಳಿಯಲಿಲ್ಲ. ಪೌಲನ ಅಕ್ಕನೋ ತಂಗಿಯೋ, ಆಕೆಯ ಮಗ ಸುದ್ದಿ ಕೇಳಿ ಕೋಟೆಯೊಳಗೆ ಬಂದು ಪೌಲನಿಗೆ ತಿಳಿಸಿದ. ಪೌಲನು ಅವನನ್ನು ಅಲ್ಲಿನ ಸೇನಾಧಿಕಾರಿಯಾದ ಸಹಸ್ರಾಧಿಪತಿಯ ಬಳಿಗೆ ಕಳುಹಿಸಿದ. ಸಹಸ್ರಾಧಿಪತಿ ಆ ಯುವಕನ ಕೈಹಿಡಿದು ಪಕ್ಕಕ್ಕೆ ಕರೆದೊಯ್ದು ವಿಚಾರಿಸಿದ. ಅದೇ ರಾತ್ರಿ 470 ಮಂದಿಯ ಕಾವಲಿನಲ್ಲಿ ಪೌಲನನ್ನು ಕಳುಹಿಸಿಕೊಟ್ಟ. ದೇವರೇ ಮಾತು ಕೊಟ್ಟಿದ್ದಾನಲ್ಲ ಎಂದು ಪೌಲನು ಸುಮ್ಮನಿದ್ದು, ಸೋದರಳಿಯನನ್ನು ಸಹಸ್ರಾಧಿಪತಿಯ ಬಳಿಗೆ ಕಳುಹಿಸದೆ ಇರಲಿಲ್ಲ.

ಉತ್ತರ 3:
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಒಂದನ್ನು ಮರೆಯಬಾರದು. 12ನೇ ಅಧ್ಯಾಯದಲ್ಲಿ ಪೇತ್ರನು ಸೆರೆಯಿಂದ ಬಿಡುಗಡೆಯಾಗುತ್ತಾನೆ. ಅದೇ ಅಧ್ಯಾಯದ ಆರಂಭದಲ್ಲಿ ಯೋಹಾನನ ಅಣ್ಣನಾದ ಯಾಕೋಬನು ಹೆರೋದನ ಕತ್ತಿಗೆ ಬಲಿಯಾಗುತ್ತಾನೆ. ಪೌಲನಿಗೆ ಸಿಕ್ಕಿದ್ದು ಆ ಪ್ರಯಾಣಕ್ಕೆಂದೇ ಕೊಟ್ಟ ಮಾತು. ಅದನ್ನು ನಮ್ಮ ಪ್ರತಿಯೊಂದು ಕಾಯಿಲೆಗೂ ಕೊಟ್ಟ ಭರವಸೆಯೆಂದು ಎಣಿಸಿದರೆ, ಗುಣವಾಗದೆ ತೀರಿಹೋದ ಭಕ್ತರ ಮನೆಯವರಿಗೆ ನಾವು ದೊಡ್ಡ ಅನ್ಯಾಯ ಮಾಡಿದಂತಾಗುತ್ತದೆ. ತಾಯಿಯವರ ವಿಷಯದಲ್ಲಿ ತಡಮಾಡಬೇಡಿ, ನಾಳೆಯೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಅದಕ್ಕೆ ಮೊದಲು 27ನೇ ಅಧ್ಯಾಯದ 33ರಿಂದ 36ರವರೆಗಿನ ವಚನಗಳನ್ನು ಅವರೊಂದಿಗೆ ಓದಿ: ಯಾರ ತಲೆಯಿಂದಲೂ ಒಂದು ಕೂದಲು ಸಹ ಉದುರುವುದಿಲ್ಲವೆಂದ ಪೌಲನೇ, ಊಟ ಮಾಡಿರಿ, ನಿಮ್ಮ ಪ್ರಾಣರಕ್ಷಣೆಗೆ ಅದು ಬೇಕು ಎಂದು ಬೇಡಿಕೊಂಡು, ರೊಟ್ಟಿಯನ್ನು ತೆಗೆದುಕೊಂಡು ದೇವರಿಗೆ ಸ್ತೋತ್ರ ಹೇಳಿ ಮುರಿದು ತಿಂದನು.

ಪ್ರಶ್ನೆ ಕೇಳಿದವರು:
ತಮ್ಮೆಲ್ಲರಿಗೂ ಕೃತಜ್ಞತೆಗಳು. ಊಟದ ಆ ಮಾತನ್ನು ನಾನು ಗಮನಿಸಿಯೇ ಇರಲಿಲ್ಲ. ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಮಾತ್ರೆಯನ್ನು ಇನ್ನೂ ತೆಗೆದುಕೊಂಡಿಲ್ಲ, ಆದರೆ ಬೆಳಿಗ್ಗೆ ವೈದ್ಯರ ಬಳಿಗೆ ಬರಲು ಒಪ್ಪಿದ್ದಾರೆ. ದಯವಿಟ್ಟು ಪ್ರಾರ್ಥಿಸಿ.